ಮೊದಲು ನೋಡಿ, ಆಮೇಲೆ ಬೆನ್ನು ತಟ್ಟಿ: ಟೀಮ್‌ನವರ ಕೆಲಸ ಗುರುತಿಸುವುದು ಹೇಗೆ?

ಮೊದಲ ಸಲ ಹನ್ನೊಂದು ಜನರ ಟೀಮ್ ನನ್ನ ಕೈಗೆ ಬಂದಾಗ ನಾನು ಮಾಡಿದ ಮೊದಲ ಘನಕಾರ್ಯ ಅಂದರೆ 'ತಿಂಗಳ ಉತ್ತಮ ಉದ್ಯೋಗಿ' ಪ್ರಶಸ್ತಿ ಶುರು ಮಾಡಿದ್ದು. ಫೋಟೋ, ಸರ್ಟಿಫಿಕೇಟ್, ಚಪ್ಪಾಳೆ ಎಲ್ಲ ಇತ್ತು. ಮೊದಲ ತಿಂಗಳು ಚೆನ್ನಾಗಿ ನಡೆಯಿತು. ಎರಡನೇ ತಿಂಗಳು ಯಾರಿಗೆ ಕೊಡುವುದು ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಮೂರನೇ ತಿಂಗಳು, ಪಾಪ ಇವರಿಗೆ ಏನೂ ಸಿಕ್ಕಿಲ್ಲವಲ್ಲ ಅಂತ ಒಬ್ಬರಿಗೆ ಕೊಟ್ಟೆ. ನಾಲ್ಕನೇ ತಿಂಗಳು ಒಬ್ಬ ಹುಡುಗ ನಗುತ್ತಾ ಬಂದು ಕೇಳಿದ: "ಸಾರ್, ಈ ತಿಂಗಳು ನನ್ನ ಸರದಿ ಅಲ್ವಾ?"

ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಷ್ಟು ಹೊತ್ತಿಗೆ ಅದು ಸರದಿಯೇ ಆಗಿಹೋಗಿತ್ತು.

ಅದೇ ಟೀಮ್‌ನಲ್ಲಿ ಒಬ್ಬಾಕೆ ಇದ್ದರು. ದಿನಾ ಸಂಜೆ ಹೊರಡುವ ಮುಂಚೆ ಮರುದಿನ ಹೋಗಬೇಕಾದ ಆರ್ಡರ್‌ಗಳನ್ನೆಲ್ಲ ಒಂದೊಂದಾಗಿ ತಾಳೆ ನೋಡುತ್ತಿದ್ದರು. ಯಾರೂ ಹೇಳಿದ ಕೆಲಸವಲ್ಲ ಅದು. ನನಗಂತೂ ಗೊತ್ತೇ ಇರಲಿಲ್ಲ. ಅವರು ಹತ್ತು ದಿನ ರಜೆ ಹಾಕಿದಾಗ ತಪ್ಪು ಆರ್ಡರ್‌ಗಳು ಒಂದರ ಹಿಂದೆ ಒಂದು ಹೊರಟವು, ದೂರುಗಳು ಬಂದವು. ಆಗ ಗೊತ್ತಾಯಿತು. ನಾನು ಕೊಟ್ಟ ಮೂರು ಸರ್ಟಿಫಿಕೇಟ್‌ಗಳಲ್ಲಿ ಒಂದೂ ಅವರ ಮೇಜಿಗೆ ಹೋಗಿರಲಿಲ್ಲ. ಪ್ರಶಸ್ತಿ ಇತ್ತು, ನೋಡುವ ಅಭ್ಯಾಸ ಇರಲಿಲ್ಲ.

ಟೀಮ್ ಲೀಡರ್, ಸೂಪರ್‌ವೈಸರ್, ಮ್ಯಾನೇಜರ್, ಸಣ್ಣ ಸಂಸ್ಥೆ ನಡೆಸುವವರು, ಒಟ್ಟಿನಲ್ಲಿ ನಾಲ್ಕು ಜನರಿಂದ ಕೆಲಸ ಮಾಡಿಸಬೇಕಾದ ಯಾರಿಗಾದರೂ ಕೆಳಗಿನ ಹೆಜ್ಜೆಗಳು ಉಪಯೋಗಕ್ಕೆ ಬರಬಹುದು. ಒಂದೇ ಒಂದು ಮಾತು: ಇದೇ ಕ್ರಮದಲ್ಲಿ ಹೋಗಿ. ಬಹಳ ಜನ ನೇರವಾಗಿ ಐದನೇ ಹೆಜ್ಜೆಗೆ, ಅಂದರೆ ಗಿಫ್ಟ್ ವೋಚರ್‌ಗೆ ಹಾರುತ್ತಾರೆ. ನಾನು ಇನ್ನೂ ಒಂದು ಮೆಟ್ಟಿಲು ಜಾಸ್ತಿ ಹಾರಿದ್ದೆ.

ಶುರು ಮಾಡುವ ಮುಂಚೆ: ಸಂಬಳ, ಕೆಲಸದ ಹೊರೆ ಸರಿ ಇದೆಯಾ?

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್‌ಗಳು ಮತ್ತು ಅಕೌಂಟೆಂಟ್‌ಗಳನ್ನು ಕೂರಿಸಿಕೊಂಡು ಮಾತನಾಡಿಸಿದ್ದರು. ಕೆಲಸದಲ್ಲಿ ನಿಮಗೆ ತುಂಬ ಖುಷಿಯಾದ ಸಮಯ ಯಾವುದು, ತುಂಬ ಬೇಸರವಾದ ಸಮಯ ಯಾವುದು ಅಂತ ಕೇಳಿದ್ದರು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಖುಷಿಯ ಕತೆಗಳಲ್ಲಿ ಮತ್ತೆ ಮತ್ತೆ ಬಂದದ್ದು ಏನನ್ನೋ ಸಾಧಿಸಿದ್ದು, ಅದನ್ನು ಯಾರೋ ಗುರುತಿಸಿದ್ದು. ಬೇಸರದ ಕತೆಗಳಲ್ಲಿ ಕಂಪನಿಯ ನಿಯಮಗಳು, ಮೇಲಿನವರ ವರ್ತನೆ ಇಂಥವೇ ಮುಂದೆ ನಿಂತಿದ್ದವು. ಒಳ್ಳೆಯದಾದರೆ ನನ್ನಿಂದ, ಕೆಟ್ಟದ್ದಾದರೆ ಬೇರೆಯವರಿಂದ ಅಂತ ಹೇಳುವುದು ಮನುಷ್ಯರ ಗುಣ ತಾನೆ, ಹಾಗಾಗಿ ಈ ವಿಧಾನದ ಮೇಲೆ ಟೀಕೆಯೂ ಬಂತು. ಆದರೂ ಹರ್ಜ್‌ಬರ್ಗ್ ಹೇಳಿದ ಒಂದು ವಿಷಯ ಕೆಲಸದ ಜಾಗದಲ್ಲಿ ಇರುವವರಿಗೆಲ್ಲ ಅನುಭವಕ್ಕೆ ಬಂದಿರುತ್ತದೆ. ಬೇಸರ ತರಿಸುವ ಸಂಗತಿಗಳ ಪಟ್ಟಿಯೇ ಬೇರೆ, ಹುಮ್ಮಸ್ಸು ತರುವ ಸಂಗತಿಗಳ ಪಟ್ಟಿಯೇ ಬೇರೆ. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲು ಆಗುವುದಿಲ್ಲ.

ಹಾಗಾಗಿ ಸಂಬಳ ತಡವಾಗುತ್ತಿದ್ದರೆ, ಇಬ್ಬರ ಕೆಲಸವನ್ನು ಒಬ್ಬರು ಮಾಡುತ್ತಿದ್ದರೆ, ರಜೆ ಕೇಳಿದರೆ ಮುಖ ಗಂಟಿಕ್ಕುವ ವಾತಾವರಣ ಇದ್ದರೆ, ಮೊದಲು ಅದನ್ನು ನೋಡಿ. ಅಲ್ಲಿ ಹೋಗಿ 'ನೀವು ನಮ್ಮ ಸಂಸ್ಥೆಯ ಆಸ್ತಿ' ಅಂದರೆ ಅದು ಮೂಗಿಗೆ ತುಪ್ಪ ಸವರಿದಂತೆ. ವಾಸನೆ ಬರುತ್ತದೆ, ಹೊಟ್ಟೆ ತುಂಬುವುದಿಲ್ಲ. ಜನಕ್ಕೆ ಅದು ತಕ್ಷಣ ಗೊತ್ತಾಗುತ್ತದೆ.

ಸಂಬಳ ಏರಿಸುವ ಅಧಿಕಾರ ನಿಮ್ಮ ಕೈಯಲ್ಲಿ ಇಲ್ಲದೆ ಇರಬಹುದು. ನಡುವಿನ ಹಂತದ ಮ್ಯಾನೇಜರ್‌ಗಳ ಪಾಡು ಅದೇ. ಆಗ ಅದನ್ನು ಹಾಗೆಯೇ ಹೇಳಿ: "ಸಂಬಳದ ವಿಷಯ ಮೇಲೆ ಎತ್ತಿದ್ದೇನೆ, ಇನ್ನೂ ಉತ್ತರ ಬಂದಿಲ್ಲ." ಅಷ್ಟು ಹೇಳಿದ ಮೇಲೆ ನೀವು ಆಡುವ ಒಳ್ಳೆಯ ಮಾತಿಗೆ ಬೆಲೆ ಬರುತ್ತದೆ.

ಒಂದನೇ ಹೆಜ್ಜೆ: ಎರಡು ವಾರ ಸುಮ್ನೆ ನೋಡಿ, ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಟೀಮ್‌ನಲ್ಲಿರುವ ಪ್ರತಿಯೊಬ್ಬರ ಹೆಸರು ಬರೆದು ಮುಂದೆ ಜಾಗ ಬಿಡಿ. ಎರಡು ವಾರ ಯಾರನ್ನೂ ಹೊಗಳುವ ಕೆಲಸಕ್ಕೆ ಹೋಗಬೇಡಿ. ಕಂಡದ್ದನ್ನು ಮಾತ್ರ ಬರೆಯಿರಿ. 'ಒಳ್ಳೆಯ ಕೆಲಸಗಾರ' ಅಂತಲ್ಲ. 'ಮಂಗಳವಾರ ಗ್ರಾಹಕರು ಫೋನ್‌ನಲ್ಲಿ ಕೂಗಾಡುತ್ತಿದ್ದಾಗ ಸಮಾಧಾನದಿಂದ ಇಪ್ಪತ್ತು ನಿಮಿಷ ಕೇಳಿದರು' ಅಂತ. ದಿನ, ಕೆಲಸ, ಅಷ್ಟೇ.

ಸುಲಭ ಅನ್ನಿಸುತ್ತದೆ. ಮಾಡಿ ನೋಡಿ. ನನಗೆ ಮೊದಲ ವಾರ ಹನ್ನೊಂದರಲ್ಲಿ ನಾಲ್ಕು ಹೆಸರುಗಳ ಮುಂದೆ ಮಾತ್ರ ಏನಾದರೂ ಬರೆಯಲು ಆಯಿತು. ಉಳಿದ ಏಳು ಜನ ವಾರವಿಡೀ ಸುಮ್ಮನೆ ಕೂತಿದ್ದರೇ? ಖಂಡಿತ ಇಲ್ಲ. ನನ್ನ ಕಣ್ಣು ಅತ್ತ ಹೋಗಿರಲಿಲ್ಲ.

ಯಾವ ಕೆಲಸ ಕಣ್ಣಿಗೆ ಬೀಳುತ್ತದೆ, ಯಾವುದು ಬೀಳುವುದಿಲ್ಲ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಮಾರಾಟ, ಪ್ರೆಸೆಂಟೇಶನ್, ಡೆಡ್‌ಲೈನ್ ಹಿಂದಿನ ರಾತ್ರಿಯ ಓಡಾಟ ಇವೆಲ್ಲ ತಾವಾಗಿಯೇ ಕಾಣುತ್ತವೆ. ಎಲೆಮರೆಯ ಕಾಯಿಯಂತೆ ಉಳಿಯುವುದು ಬೇರೆ ಥರದ ಕೆಲಸ. ತೊಂದರೆಯೇ ಆಗದಂತೆ ತಡೆಯುವ ಕೆಲಸ ಅಂಥದ್ದು. ಮೆಶಿನ್ ಕೆಟ್ಟಾಗ ರಾತ್ರಿಯೆಲ್ಲ ಕೂತು ಸರಿ ಮಾಡಿದವರು ಹೀರೋ ಆಗುತ್ತಾರೆ, ಕೆಡದಂತೆ ವರ್ಷವಿಡೀ ನೋಡಿಕೊಂಡವರ ಹೆಸರು ಯಾರಿಗೂ ನೆನಪಿಗೆ ಬರುವುದಿಲ್ಲ. ಹೊಸಬರಿಗೆ ಹೇಳಿಕೊಡುವುದು, ಜಗಳ ಬಿಡಿಸುವುದು, ಮೀಟಿಂಗ್‌ನ ಟಿಪ್ಪಣಿ ಬರೆದು ಎಲ್ಲರಿಗೂ ಕಳಿಸುವುದು, ಇವೂ ಅಷ್ಟೆ. ಯಾರ ಕೆಲಸದ ವಿವರಣೆಯಲ್ಲೂ ಇವು ಇರುವುದಿಲ್ಲ, ಆದರೆ ಒಂದು ವಾರ ನಿಂತರೆ ಎಲ್ಲವೂ ತೊಡಕಾಗುತ್ತದೆ.

ಹಾಗಾಗಿ ನೋಟ್‌ಬುಕ್ ಹಿಡಿದವರು ಎರಡು ಪ್ರಶ್ನೆ ಕೇಳುತ್ತಾ ಇರಬೇಕು. ಟೀಮ್‌ನವರಿಗೆ: "ಈ ವಾರ ನಿಮಗೆ ಯಾರಿಂದ ಸಹಾಯ ಆಯಿತು?" ನಿಮಗೆ ನೀವೇ: "ಇವರು ನಾಳೆಯಿಂದ ಎರಡು ವಾರ ಬರದಿದ್ದರೆ ಮೊದಲು ಏನು ಕೆಡುತ್ತದೆ?" ಈ ಎರಡನೇ ಪ್ರಶ್ನೆಯನ್ನು ನಾನು ಪೆಟ್ಟು ತಿಂದು ಕಲಿತದ್ದು.

ಗ್ಯಾಲಪ್ ಸಂಸ್ಥೆ ಉದ್ಯೋಗಿಗಳಿಗೆ ಕೇಳುವ ಹನ್ನೆರಡು ಪ್ರಶ್ನೆಗಳ ಒಂದು ಹೆಸರಾಂತ ಪಟ್ಟಿ ಇದೆ. ಅದರಲ್ಲಿ ಒಂದು, ಕಳೆದ ಏಳು ದಿನಗಳಲ್ಲಿ ನಿಮ್ಮ ಒಳ್ಳೆಯ ಕೆಲಸಕ್ಕೆ ಮೆಚ್ಚುಗೆ ಸಿಕ್ಕಿದೆಯೇ ಅನ್ನುವುದು. ಏಳು ದಿನ ಅನ್ನುವುದನ್ನು ಗಮನಿಸಿ. ವರ್ಷಕ್ಕೊಮ್ಮೆ ಅಪ್ರೈಸಲ್‌ನಲ್ಲಿ ಎರಡು ಸಾಲು ಬರೆಯುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಎರಡನೇ ಹೆಜ್ಜೆ: ಏನು ಮಾಡಿದರು, ಅದರಿಂದ ಏನಾಯಿತು ಅಂತ ಹೇಳಿ

"ಸೂಪರ್!" "ಗುಡ್ ಜಾಬ್!" "ಭೇಷ್!" ಇವು ತಪ್ಪಲ್ಲ. ಆದರೆ ಇವನ್ನು ಕೆಲಸ ನೋಡದೆಯೂ ಹೇಳಬಹುದು, ಕೇಳುವವರಿಗೂ ಅದು ಗೊತ್ತು. ನೋಡಿದವರು ಮಾತ್ರ ಹೇಳಬಹುದಾದ ಮಾತು ಬೇರೆ ಥರ ಇರುತ್ತದೆ.

"ನಿನ್ನೆಯ ರಿಪೋರ್ಟ್ ಚೆನ್ನಾಗಿತ್ತು" ಅನ್ನುವ ಬದಲು ಹೀಗೆ ಹೇಳಿ: "ನಿನ್ನೆಯ ರಿಪೋರ್ಟ್‌ನಲ್ಲಿ ಮೊದಲ ಪುಟದಲ್ಲೇ ಮೂರು ಅಂಕಿ ಹಾಕಿದ್ದಿರಲ್ಲ, ಅದರಿಂದ ಮೀಟಿಂಗ್ ಹತ್ತು ನಿಮಿಷದಲ್ಲಿ ಮುಗಿಯಿತು. ಇಲ್ಲದಿದ್ದರೆ ಎಲ್ಲರೂ ಕೊನೆಯ ಪುಟದ ತನಕ ಹುಡುಕಬೇಕಿತ್ತು." ಇದರಲ್ಲಿ ಏನಿದೆ? ಅವರು ಮಾಡಿದ ಒಂದು ನಿರ್ದಿಷ್ಟ ಕೆಲಸ ಇದೆ. ಅದರಿಂದ ಯಾರಿಗೆ ಏನು ಅನುಕೂಲವಾಯಿತು ಅಂತ ಇದೆ. ಮುಂದಿನ ಸಲ ಏನು ಮಾಡಬೇಕು ಅನ್ನುವುದೂ, ಹೇಳದೆಯೇ, ಇದೆ. ವಿಶೇಷಣ ಒಂದೂ ಇಲ್ಲ. 'ಅದ್ಭುತ', 'ಅಮೋಘ', 'ಅಪ್ರತಿಮ' ಇವನ್ನೆಲ್ಲ ಸನ್ಮಾನ ಪತ್ರಗಳಿಗೆ ಬಿಟ್ಟುಬಿಡಿ.

ಇಷ್ಟು ಸಣ್ಣ ಮಾತಿನಿಂದ ನಿಜಕ್ಕೂ ಕೆಲಸ ಜಾಸ್ತಿ ಆಗುತ್ತದಾ? ಆ್ಯಡಮ್ ಗ್ರ್ಯಾಂಟ್ ಮತ್ತು ಫ್ರಾನ್ಸೆಸ್ಕಾ ಜೀನೋ 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಅದರಲ್ಲಿ ಇದ್ದದ್ದು ಅಮೆರಿಕದ ಒಂದು ವಿಶ್ವವಿದ್ಯಾಲಯದ ಪರವಾಗಿ ಜನರಿಗೆ ಫೋನ್ ಮಾಡಿ ದೇಣಿಗೆ ಕೇಳುವ ಕೆಲಸದವರು. ಒಂದು ಗುಂಪಿನ ಬಳಿಗೆ ಆ ವಿಭಾಗದ ನಿರ್ದೇಶಕಿ ತಾವೇ ಬಂದು, ನಿಮ್ಮ ಶ್ರಮಕ್ಕೆ ಕೃತಜ್ಞತೆ ಅಂತ ಹೇಳಿ ಹೋದರು. ಇನ್ನೊಂದು ಗುಂಪಿಗೆ ಯಾರೂ ಬರಲಿಲ್ಲ. ಮುಂದಿನ ವಾರ ಮೊದಲ ಗುಂಪು ಮಾಡಿದ ಕರೆಗಳು ಸುಮಾರು ಶೇಕಡ 50ರಷ್ಟು ಏರಿದವು. ಇನ್ನೊಂದು ಗುಂಪಿನಲ್ಲಿ ಹಾಗೇನೂ ಆಗಲಿಲ್ಲ. ಇವರು ಎಷ್ಟು ಕರೆ ಮಾಡಿದರೂ ಅಷ್ಟೇ ಸಂಬಳ ಪಡೆಯುವ ಜನ. ನಮ್ಮ ಕೆಲಸಕ್ಕೆ ಬೆಲೆ ಇದೆ ಅನ್ನುವ ಭಾವನೆಯೇ ಈ ಏರಿಕೆಗೆ ಕಾರಣ ಅಂತ ಸಂಶೋಧಕರು ಕಂಡುಕೊಂಡರು. ಅದು ಒಂದು ವಾರದ ಲೆಕ್ಕ, ಚಿಕ್ಕ ಗುಂಪಿನ ಲೆಕ್ಕ. ನಿಮ್ಮಲ್ಲೂ ಶೇಕಡ 50 ಏರುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ.

ಯಾವಾಗ ಹೇಳಬೇಕು? ಆದಷ್ಟು ಬೇಗ. ಅದೇ ದಿನ, ಇಲ್ಲವೇ ಮರುದಿನ. ಮೂರು ತಿಂಗಳಾದ ಮೇಲೆ ಹೇಳಿದರೆ ಅವರಿಗೆ ನೆನಪಿಸಿಕೊಳ್ಳಲೇ ಹೊತ್ತು ಬೇಕು.

ಹೊಗಳಿದ ಉಸಿರಿನಲ್ಲೇ ಹೊಸ ಕೆಲಸ ಒಪ್ಪಿಸಬೇಡಿ. "ಇದನ್ನು ಎಷ್ಟು ಚೆನ್ನಾಗಿ ಮಾಡಿದ್ದೀರಿ! ಹಾಗಾದರೆ ಅದನ್ನೂ ನೀವೇ ನೋಡಿಕೊಳ್ಳಿ." ಹೊಗಳಿ ಹೊಗಳಿ ಹೊನ್ನಶೂಲಕ್ಕೆ ಏರಿಸುವುದು ಅಂದರೆ ಇದೇ. ಎರಡು ಸಲ ಹೀಗಾದರೆ, ನೀವು ಮೆಚ್ಚುಗೆಗೆ ಬಾಯಿ ತೆರೆದ ಕೂಡಲೇ ಎದುರಿನವರ ಮುಖ ಬಾಡುತ್ತದೆ. ಚೆನ್ನಾಗಿ ಕೆಲಸ ಮಾಡುವವರಿಗೇ ಹೊರೆ ಜಾಸ್ತಿ, ಮಾಡದವರು ಆರಾಮ ಅನ್ನುವ ಗೊಣಗಾಟ ಬಹಳಷ್ಟು ಆಫೀಸುಗಳಲ್ಲಿ ಕೇಳಿಬರುತ್ತದೆ. ಅದು ಹುಟ್ಟುವುದೇ ಇಲ್ಲಿ.

ಟೀಕೆಯನ್ನೂ ಮೆಚ್ಚುಗೆಯ ಜೊತೆ ಸುತ್ತಿ ಕೊಡಬೇಡಿ. ಮೊದಲು ಒಂದು ಒಳ್ಳೆಯ ಮಾತು, ನಡುವೆ ತಪ್ಪು, ಕೊನೆಗೆ ಮತ್ತೆ ಒಳ್ಳೆಯ ಮಾತು ಅನ್ನುವ ಪಾಠ ಹಲವು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಜನ ಅದನ್ನು ಬೇಗ ಕಲಿತುಬಿಡುತ್ತಾರೆ. ಆಮೇಲೆ ನೀವು ನಿಜವಾಗಿ ಮೆಚ್ಚಿದಾಗಲೂ 'ಆದರೆ' ಎಲ್ಲಿ ಬರುತ್ತದೆ ಅಂತ ಕಾಯುತ್ತಾ ಕೂರುತ್ತಾರೆ. ಒಂದು ಟೀಕೆಗೆ ಮೂರು ಮೆಚ್ಚುಗೆ ಇರಬೇಕು ಅನ್ನುವ ಲೆಕ್ಕವನ್ನೂ ಕೇಳಿರಬಹುದು. ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಮಾರ್ಸಿಯಲ್ ಲೊಸಾಡಾ 2005ರಲ್ಲಿ ಒಳ್ಳೆಯ ಭಾವನೆ ಮತ್ತು ಕೆಟ್ಟ ಭಾವನೆಗಳಿಗೆ ಇಂಥದ್ದೇ ಒಂದು ಅನುಪಾತವನ್ನು ಗಣಿತದ ಸಮೇತ ಮುಂದಿಟ್ಟಿದ್ದರು. 2013ರಲ್ಲಿ ನಿಕ್ ಬ್ರೌನ್, ಆ್ಯಲನ್ ಸೋಕಲ್, ಹ್ಯಾರಿಸ್ ಫ್ರೀಡ್‌ಮನ್ ಮೂವರೂ ಸೇರಿ ಆ ಗಣಿತಕ್ಕೆ ಬುಡವೇ ಇಲ್ಲ ಅಂತ ತೋರಿಸಿದರು. ಹಾಗಾಗಿ ಬೆರಳು ಮಡಚಿ ಎಣಿಸುವುದು ಬೇಡ. ತಪ್ಪು ಇದ್ದಾಗ ತಪ್ಪಿನ ಮಾತು, ಮೆಚ್ಚುವಾಗ ಮೆಚ್ಚುಗೆಯ ಮಾತು. ಬೇರೆ ಬೇರೆ ದಿನ ಆದರೆ ಇನ್ನೂ ಒಳ್ಳೆಯದು.

ಮೂರನೇ ಹೆಜ್ಜೆ: ಯಾರ ಮುಂದೆ ಹೇಳಬೇಕು ಅಂತ ಅವರನ್ನೇ ಕೇಳಿ

ನೂರು ಜನರ ಮುಂದೆ ಹೆಸರು ಕರೆದರೆ ಕೆಲವರು ಅರಳುತ್ತಾರೆ. ಕೆಲವರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಇದು ಮುಖ ನೋಡಿ ಗೊತ್ತಾಗುವ ವಿಷಯವಲ್ಲ. ಕ್ಯಾಂಟೀನ್‌ನಲ್ಲಿ ಎಲ್ಲರನ್ನೂ ನಗಿಸುವವರೇ ವೇದಿಕೆ ಅಂದರೆ ಬೆವರಬಹುದು.

ಕೇಳುವುದು ಕಷ್ಟವೇನಿಲ್ಲ. ಹೊಸಬರು ಸೇರಿದ ಮೊದಲ ವಾರದ ಮಾತುಕತೆಯಲ್ಲೇ ಕೇಳಿಬಿಡಿ: "ಒಳ್ಳೆಯ ಕೆಲಸ ಆದಾಗ ಎಲ್ಲರ ಮುಂದೆ ಹೇಳಿದರೆ ಇಷ್ಟವಾ, ಅಥವಾ ನಿಮಗೊಬ್ಬರಿಗೇ ಹೇಳಲಾ? ಹಿಂದೆ ಯಾವ ಮೆಚ್ಚುಗೆ ನಿಮಗೆ ನಿಜವಾಗಿ ಖುಷಿ ಕೊಟ್ಟಿತ್ತು?" ಎರಡನೇ ಪ್ರಶ್ನೆಗೆ ಬರುವ ಉತ್ತರಗಳು ಸೊಗಸಾಗಿರುತ್ತವೆ. ನನಗೆ ಒಬ್ಬರು ಹೇಳಿದ್ದು: "ಹಿಂದಿನ ಬಾಸ್ ಯಾವತ್ತೂ ಹೊಗಳಲಿಲ್ಲ ಸಾರ್. ಆದರೆ ಕಷ್ಟದ ಕೇಸ್ ಬಂದರೆ ನನ್ನ ಅಭಿಪ್ರಾಯ ಕೇಳುತ್ತಿದ್ದರು." ಆ ಮನುಷ್ಯನಿಗೆ ನಾನು ಸರ್ಟಿಫಿಕೇಟ್ ಕೊಟ್ಟಿದ್ದರೆ ಅದು ಡ್ರಾಯರ್‌ನಲ್ಲಿ ಬಿದ್ದಿರುತ್ತಿತ್ತು.

ನಮಗೇ ಹೇಳಲು ಮುಜುಗರ ಅನ್ನುವುದು ಇನ್ನೊಂದು ತೊಡಕು. ಬೆಣ್ಣೆ ಹಚ್ಚುತ್ತಿದ್ದೇನೆ ಅಂದುಕೊಂಡರೆ? ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಂದ ಕೃತಜ್ಞತೆಯ ಪತ್ರ ಬರೆಸಿ, ಓದುವವರಿಗೆ ಹೇಗನ್ನಿಸಬಹುದು ಅಂತ ಊಹಿಸಲು ಹೇಳಿದ್ದರು. ಆಮೇಲೆ ಓದಿದವರನ್ನೇ ಕೇಳಿದರು. ಬರೆದವರು ಅಂದುಕೊಂಡಷ್ಟು ಮುಜುಗರ ಓದಿದವರಿಗೆ ಆಗಿರಲಿಲ್ಲ. ಅಂದುಕೊಂಡದ್ದಕ್ಕಿಂತ ಜಾಸ್ತಿ ಖುಷಿಯಾಗಿತ್ತು. ಸರಿಯಾದ ಪದ ಸಿಗಲಿಲ್ಲ ಅಂತ ಬರೆಯುವವರು ಒದ್ದಾಡುತ್ತಿದ್ದರೆ, ಓದುವವರು ಪದ ಎಣಿಸುತ್ತಾ ಕೂತಿರಲಿಲ್ಲ.

ನಾಲ್ಕನೇ ಹೆಜ್ಜೆ: ಬರೆದು ಕೊಡಿ

ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಮುಖ್ಯಸ್ಥರಾಗಿ 2001ರಿಂದ 2011ರ ತನಕ ಇದ್ದ ಡಗ್ಲಸ್ ಕಾನೆಂಟ್, ಆ ವರ್ಷಗಳಲ್ಲಿ ಉದ್ಯೋಗಿಗಳಿಗೆ ಸುಮಾರು 30,000 ಪತ್ರಗಳನ್ನು ಕೈಯಲ್ಲಿ ಬರೆದಿದ್ದಾಗಿ ಹೇಳಿಕೊಂಡಿದ್ದಾರೆ. ನೀವು ಅಷ್ಟೆಲ್ಲ ಬರೆಯಬೇಕಿಲ್ಲ. ವಾರಕ್ಕೆ ಎರಡು, ನಾಲ್ಕೈದು ಸಾಲಿನವು. ಶುಕ್ರವಾರ ಸಂಜೆ ನೋಟ್‌ಬುಕ್ ತೆರೆದು ಕೂತರೆ ಕಾಲು ಗಂಟೆಯ ಕೆಲಸ.

ಇಮೇಲ್ ಆದರೆ ಒಂದು ಉಪಾಯ. ಮೆಚ್ಚುಗೆಯ ಇಮೇಲ್‌ಗೆ ನಿಮ್ಮ ಮೇಲಿನವರನ್ನೂ ಸೇರಿಸಿ. ಯಾರು ಯಾವ ಕೆಲಸ ಮಾಡುತ್ತಾರೆ ಅಂತ ಮೇಲಿನವರಿಗೂ ತಿಳಿಯುತ್ತದೆ, ಬಡ್ತಿಯ ಮಾತು ಬಂದಾಗ ಆ ಹೆಸರು ಅವರಿಗೆ ಹೊಸದಾಗಿರುವುದಿಲ್ಲ. ಟೆಂಪ್ಲೇಟ್ ಮಾತ್ರ ಬಳಸಬೇಡಿ. ಇಬ್ಬರು ಪಕ್ಕಪಕ್ಕ ಕೂತು ಫೋನ್ ಹೋಲಿಸಿ, ಹೆಸರೊಂದು ಬಿಟ್ಟು ಉಳಿದೆಲ್ಲ ಒಂದೇ ಅಂತ ಕಂಡರೆ ಮುಗಿಯಿತು.

ಐದನೇ ಹೆಜ್ಜೆ: ಉಡುಗೊರೆ ಕೊಡುವುದಾದರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಜರ್ಮನಿಯ ಒಂದು ಲೈಬ್ರರಿಯಲ್ಲಿ ಪುಸ್ತಕಗಳ ವಿವರ ಕಂಪ್ಯೂಟರ್‌ಗೆ ಹಾಕಲು ಕೆಲವು ವಿದ್ಯಾರ್ಥಿಗಳನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ಕೆಲವರಿಗೆ ಹೇಳಿದ ಸಂಬಳದ ಮೇಲೆ ಅನಿರೀಕ್ಷಿತವಾಗಿ ಸ್ವಲ್ಪ ಹಣ ಕೊಟ್ಟರು. ಕೆಲವರಿಗೆ ಅಷ್ಟೇ ಬೆಲೆಯ ಒಂದು ಥರ್ಮಾಸ್ ಫ್ಲಾಸ್ಕ್, ಅಂದವಾಗಿ ಸುತ್ತಿ ಕೊಟ್ಟರು. ಹಣ ಪಡೆದವರ ಕೆಲಸದಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಫ್ಲಾಸ್ಕ್ ಪಡೆದವರ ಕೆಲಸ ಸುಮಾರು ಶೇಕಡ 25 ಏರಿತು. ಫ್ಲಾಸ್ಕ್ ಅಂದರೆ ಅಷ್ಟು ಆಸೆಯೇ ಅಂತ ಕೇಳಬಹುದು. ಅದಕ್ಕೂ ಒಂದು ಪರೀಕ್ಷೆ ಮಾಡಿದ್ದರು. ಅದೇ ಹಣವನ್ನು ಕಾಗದದ ಕಲೆಯಂತೆ ಮಡಚಿ, ಆಕಾರ ಕೊಟ್ಟು ಕೊಟ್ಟಾಗಲೂ ಕೆಲಸ ಏರಿತು. ಕೊಟ್ಟವರು ಇದಕ್ಕಾಗಿ ಕೂತು ಹೊತ್ತು ಕಳೆದಿದ್ದಾರೆ ಅನ್ನುವುದೇ ಜನರನ್ನು ತಟ್ಟಿತ್ತು. 2012ರಲ್ಲಿ ಇದನ್ನು ಪ್ರಕಟಿಸಿದವರು ಸೆಬಾಸ್ಟಿಯನ್ ಕುಬೆ ಮತ್ತು ಅವರ ಜೊತೆಗಾರರು.

ಹಾಗಂತ ಬೋನಸ್ ಬದಲು ಎಲ್ಲರಿಗೂ ಫ್ಲಾಸ್ಕ್ ಹಂಚಲು ಹೊರಡಬೇಡಿ! ಬೋನಸ್ ಅನ್ನುವುದು ದುಡಿಮೆಯ ಪಾಲು, ಅದನ್ನು ದುಡ್ಡಿನಲ್ಲೇ ಕೊಡಬೇಕು. ಮೇಲಿನ ಮಾತು ಸಣ್ಣ ಉಡುಗೊರೆಗಳಿಗೆ ಮಾತ್ರ. ಅಲ್ಲಿ ಬೆಲೆಗಿಂತ ಆಯ್ಕೆ ಮುಖ್ಯ. ಓದುವ ಹುಚ್ಚಿರುವವರಿಗೆ ಪುಸ್ತಕ, ಮೂರು ವಾರ ತಡವಾಗಿ ಮನೆಗೆ ಹೋದವರಿಗೆ ಒಂದು ದಿನ ರಜೆ, ಕಲಿಯುವ ಆಸೆ ಇರುವವರಿಗೆ ಒಂದು ಕೋರ್ಸ್‌ನ ಶುಲ್ಕ. ಹತ್ತು ಜನಕ್ಕೆ ಹತ್ತು ಒಂದೇ ಥರದ ಮಗ್ ಕೊಟ್ಟರೆ ಅದು ಸಾಮಾನು ಹಂಚಿದ ಲೆಕ್ಕ.

ಉಡುಗೊರೆಯನ್ನು ಮೊದಲೇ ಘೋಷಿಸುವ ವಿಷಯದಲ್ಲೂ ಎಚ್ಚರ ಇರಲಿ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚಿತ್ರ ಬಿಡಿಸಿದರೆ ಬಹುಮಾನ ಅಂತ ಮುಂಚೆಯೇ ಹೇಳಿಸಿಕೊಂಡ ಮಕ್ಕಳು, ಆಮೇಲೆ ಬಿಡುವಿನ ಹೊತ್ತಿನಲ್ಲಿ ಚಿತ್ರ ಬಿಡಿಸುವುದನ್ನು ಕಡಿಮೆ ಮಾಡಿದರು. ಅನಿರೀಕ್ಷಿತವಾಗಿ ಬಹುಮಾನ ಪಡೆದ ಮಕ್ಕಳ ಆಸಕ್ತಿ ಹಾಗೆ ಕುಗ್ಗಲಿಲ್ಲ. ದೊಡ್ಡವರು ಮಕ್ಕಳಲ್ಲ, ಆಫೀಸು ಶಿಶುವಿಹಾರವೂ ಅಲ್ಲ. ಆದರೂ 'ಇಷ್ಟಪಟ್ಟು ಮಾಡುತ್ತಿದ್ದ ಕೆಲಸಕ್ಕೆ ಪಾಯಿಂಟ್ಸ್ ಇಟ್ಟ ಮೇಲೆ ಮಜಾನೇ ಹೋಯ್ತು' ಅನ್ನುವ ಮಾತನ್ನು ನಾನು ಕೇಳಿದ್ದೇನೆ.

ಆರನೇ ಹೆಜ್ಜೆ: ಪ್ರಶಸ್ತಿ ಇಡಲೇಬೇಕು ಅಂತಿದ್ದರೆ

ನನ್ನ ಅನುಭವದ ಮೇಲೆ ಹೇಳುವುದಾದರೆ ಇಡದಿದ್ದರೂ ನಡೆಯುತ್ತದೆ. ಆದರೆ ಪ್ರಶಸ್ತಿಯಿಂದ ಪ್ರಯೋಜನವೇ ಇಲ್ಲ ಅಂದರೆ ಸುಳ್ಳಾಗುತ್ತದೆ. 2016ರಲ್ಲಿ ಕ್ರಿಸ್ಟಿಯಾನೆ ಬ್ರ್ಯಾಡ್ಲರ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗದಲ್ಲಿ ಮೂರು ಗಂಟೆಯ ಡೇಟಾ ಎಂಟ್ರಿ ಕೆಲಸಕ್ಕೆ 300ಕ್ಕೂ ಹೆಚ್ಚು ಜನರನ್ನು ಸಣ್ಣ ಸಣ್ಣ ಗುಂಪುಗಳಲ್ಲಿ ಕರೆದಿದ್ದರು. ನಡುವೆ, ಮೊದಲು ಏನೂ ಹೇಳದೆ, ಕೆಲವು ಗುಂಪುಗಳಲ್ಲಿ ಎಲ್ಲರಿಗೂ, ಕೆಲವು ಗುಂಪುಗಳಲ್ಲಿ ಕೆಲವರಿಗೆ ಮಾತ್ರ ಮೆಚ್ಚುಗೆಯ ಕಾರ್ಡ್ ಕೊಟ್ಟರು. ಚೆನ್ನಾಗಿ ಮಾಡಿದ ಕೆಲವರಿಗಷ್ಟೇ ಕೊಟ್ಟಾಗ ಗುಂಪಿನ ಕೆಲಸ ಹೆಚ್ಚು ಏರಿತು. ಸ್ವಾರಸ್ಯ ಏನೆಂದರೆ, ಆ ಏರಿಕೆ ಬಹುಪಾಲು ಬಂದದ್ದು ಕಾರ್ಡ್ ಸಿಗದವರಿಂದ. ಎಲ್ಲರಿಗೂ ಸಮಾನವಾಗಿ ಹಂಚುವುದೇ ನ್ಯಾಯ ಅಂತ ನಂಬಿದ್ದ ನನ್ನಂಥವರಿಗೆ ಇದು ಸ್ವಲ್ಪ ಕಹಿ.

ಇದರ ಎದುರಿಗೆ ಇನ್ನೊಂದು ಕತೆ. ಅಮೆರಿಕದ ಒಂದು ಕೈಗಾರಿಕಾ ಲಾಂಡ್ರಿ ಕಂಪನಿಯ ಘಟಕದಲ್ಲಿ, ರಜೆ ಹಾಕದೆ ಸಮಯಕ್ಕೆ ಸರಿಯಾಗಿ ಬರುವವರಿಗೆ ಪ್ರಶಸ್ತಿ ಇಟ್ಟರು. ಟಿಮತಿ ಗುಬ್ಲರ್, ಇಯನ್ ಲಾರ್ಕಿನ್, ಲಾಮಾರ್ ಪಿಯರ್ಸ್ ಅಲ್ಲಿನ ಲೆಕ್ಕಪತ್ರ ತೆಗೆದು ನೋಡಿದಾಗ ಕಂಡದ್ದೇ ಬೇರೆ. ಕೆಲವರು ಪ್ರಶಸ್ತಿಯ ಆಸೆ ಇದ್ದಷ್ಟು ದಿನ ಮಾತ್ರ ಸರಿಯಾಗಿ ಬಂದರು, ತಡವಾಗುತ್ತದೆ ಅನ್ನಿಸಿದ ದಿನ ಪೂರ್ತಿ ರಜೆಯನ್ನೇ ಹಾಕಿದರು. ಮೊದಲಿಂದಲೂ ಸಮಯಕ್ಕೆ ಬರುತ್ತಿದ್ದ ಒಳ್ಳೆಯ ಕೆಲಸಗಾರರ ಕೆಲಸವೇ ಇಳಿಯಿತು. ನಾವು ವರ್ಷಗಟ್ಟಲೆ ಸುಮ್ಮನೆ ಮಾಡುತ್ತಿದ್ದದ್ದನ್ನು ಇವರು ಎರಡು ತಿಂಗಳು ಮಾಡಿದ್ದಕ್ಕೆ ಬಹುಮಾನವಾ ಅಂತ ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಹಾಗಾಗಿ ಇಡುವುದಾದರೆ ಹೀಗೆ ಮಾಡಿ. ಯಾವ ಕೆಲಸಕ್ಕೆ ಅಂತ ಒಂದು ಸಾಲಿನಲ್ಲಿ ಬರೆಯಲು ಆಗಬೇಕು, ಅದನ್ನು ಎಲ್ಲರ ಮುಂದೆ ಓದಬೇಕು. ಬರೆಯಲು ಆಗದ ತಿಂಗಳು ಪ್ರಶಸ್ತಿ ಬೇಡ. ಹೌದು, ಖಾಲಿ ಬಿಡಿ, ಏನೂ ಆಗುವುದಿಲ್ಲ. ಆರಿಸುವವರು ಒಬ್ಬರೇ ಆಗದಿರಲಿ, ಇಲ್ಲದಿದ್ದರೆ ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುವ ಮಾತು ಮೊದಲ ವಾರವೇ ಹಬ್ಬುತ್ತದೆ. ಅಂಕಿಯಲ್ಲಿ ಅಳೆಯುವ ಕೆಲಸದವರಿಗೇ ಪ್ರತಿ ಸಲ ಹೋಗುತ್ತಿದೆಯಾ ಅಂತ ನೋಡಿಕೊಳ್ಳಿ. ಹಾಜರಾತಿಗೆ ಮಾತ್ರ ಪ್ರಶಸ್ತಿ ಬೇಡವೇ ಬೇಡ. ಜ್ವರ ಬಂದವರು ಎದ್ದು ಬಂದು ಉಳಿದವರಿಗೂ ಹಂಚುತ್ತಾರೆ.

ಏಳನೇ ಹೆಜ್ಜೆ: ಟೀಮ್‌ನವರೇ ಒಬ್ಬರಿಗೊಬ್ಬರು ಹೇಳಲು ಜಾಗ ಮಾಡಿ

ಪಕ್ಕದಲ್ಲಿ ಕೂತವರಿಗೆ ಕಾಣುವಷ್ಟು ಮ್ಯಾನೇಜರ್‌ಗೆ ಕಾಣುವುದಿಲ್ಲ. ವಾರದ ಮೀಟಿಂಗ್‌ನ ಮೊದಲ ಐದು ನಿಮಿಷ ಇದಕ್ಕೆ ಬಿಡಿ: ಈ ವಾರ ಯಾರು ಯಾರಿಗೆ ನೆರವಾದರು. ಮೊದಲ ಎರಡು ವಾರ ಎಲ್ಲರೂ ಮೇಜು ನೋಡುತ್ತಾ ಕೂರುತ್ತಾರೆ. ನೀವೇ ಶುರು ಮಾಡಿ. ಮೂರನೇ ವಾರ ಯಾರಾದರೂ ಬಾಯಿ ಬಿಡುತ್ತಾರೆ. ಯಾರನ್ನೂ ಒತ್ತಾಯ ಮಾಡಬೇಡಿ, ಪಾಯಿಂಟ್ಸ್ ಇಡಬೇಡಿ. ಪಾಯಿಂಟ್ಸ್ ಬಂದ ದಿನ 'ನೀನು ನನಗೆ ಹಾಕು, ನಾನು ನಿನಗೆ ಹಾಕುತ್ತೇನೆ' ಶುರುವಾಗುತ್ತದೆ.

ರಾತ್ರಿ ಶಿಫ್ಟ್‌ನವರು, ಮನೆಯಿಂದ ಕೆಲಸ ಮಾಡುವವರು, ಗುತ್ತಿಗೆಯ ಮೇಲೆ ಇರುವವರು ಈ ಐದು ನಿಮಿಷದಿಂದ ಹೊರಗೆ ಉಳಿದುಬಿಡುತ್ತಾರೆ. ಅವರ ಹೆಸರುಗಳಿಗೆ ನೋಟ್‌ಬುಕ್‌ನಲ್ಲಿ ಬೇರೆ ಪುಟ ಇಡಿ.

ಎಂಟನೇ ಹೆಜ್ಜೆ: ಬದಲಾವಣೆ ಬಂತಾ ಅಂತ ನೋಡುವುದು

ಈ ವಿಷಯ ಬಂದಾಗಲೆಲ್ಲ ಹಾಥಾರ್ನ್ ಕಾರ್ಖಾನೆಯ ಕತೆ ಹೇಳುತ್ತಾರೆ. ಷಿಕಾಗೊ ಹತ್ತಿರದ ಆ ಕಾರ್ಖಾನೆಯಲ್ಲಿ 1924ರಿಂದ ಬೆಳಕು, ವಿರಾಮ, ಕೆಲಸದ ಹೊತ್ತು ಎಲ್ಲ ಬದಲಿಸಿ ನೋಡಿದರು. ಏನು ಬದಲಿಸಿದರೂ ಕೆಲಸ ಏರಿತು, ಏಕೆಂದರೆ ಯಾರೋ ತಮ್ಮನ್ನು ಗಮನಿಸುತ್ತಿದ್ದಾರೆ ಅಂತ ಕೆಲಸಗಾರರಿಗೆ ಅನ್ನಿಸಿತ್ತು ಅನ್ನುವುದು ಆ ಕತೆ. ಕೇಳಲು ಚೆಂದ, ನನ್ನ ವಾದಕ್ಕೂ ಅನುಕೂಲ. ಆದರೆ ಬೆಳಕಿನ ಪ್ರಯೋಗದ ಹಳೆಯ ಅಂಕಿಗಳನ್ನು ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಮತ್ತೆ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದಾಗ, ಹೇಳುವಷ್ಟು ದೊಡ್ಡ ಪರಿಣಾಮ ಅದರಲ್ಲಿ ಕಾಣಲಿಲ್ಲ. ನೋಡಿದ ಮಾತ್ರಕ್ಕೆ ಕೆಲಸ ಏರುತ್ತದೆ ಅಂತ ನಂಬಿ ಕೂರಬೇಡಿ.

ಶುರು ಮಾಡುವ ಮುಂಚೆ ಮೂರ್ನಾಲ್ಕು ಅಂಕಿ ಬರೆದಿಟ್ಟುಕೊಳ್ಳಿ. ತಿಂಗಳಿಗೆ ಎಷ್ಟು ತಪ್ಪು, ಎಷ್ಟು ಮರುಕೆಲಸ, ಎಷ್ಟು ರಜೆ, ವರ್ಷಕ್ಕೆ ಎಷ್ಟು ಜನ ಬಿಟ್ಟು ಹೋದರು. ಆರು ತಿಂಗಳ ನಂತರ ಹೋಲಿಸಿ. ಅಂಕಿಗಳಿಗಿಂತ ಮುಂಚೆ ಬೇರೆ ಕೆಲವು ಗುರುತು ಕಾಣಬಹುದು. ತಪ್ಪಾದಾಗ ಮುಚ್ಚಿಡುವ ಬದಲು ಬಂದು ಹೇಳುತ್ತಾರೆ. ಮೀಟಿಂಗ್‌ನಲ್ಲಿ ಮಾತನಾಡದವರು ಒಂದು ಮಾತು ಆಡುತ್ತಾರೆ. ಇವು ಕಂಡರೆ ಸರಿಯಾದ ದಾರಿಯಲ್ಲಿ ಇದ್ದೀರಿ.

ಒಬ್ಬರ ಕೆಲಸಕ್ಕೆ ಇನ್ನೊಬ್ಬರನ್ನು ಹೊಗಳಿಬಿಟ್ಟರೆ?

ಆಗುತ್ತದೆ. ಎಷ್ಟು ನೋಡಿದರೂ ಕೆಲವೊಮ್ಮೆ ತಪ್ಪುತ್ತದೆ. ಮಾಡಿದವರು ಒಬ್ಬರು, ಹೆಸರು ಇನ್ನೊಬ್ಬರದು. ಮನಸ್ಸು ಮುರಿಯಲು ಇದಕ್ಕಿಂತ ಬೇರೆ ಬೇಕಿಲ್ಲ. ಗೊತ್ತಾದ ದಿನವೇ ಸರಿ ಮಾಡಿ, ತಪ್ಪು ಎಲ್ಲಿ ಆಯಿತೋ ಅಲ್ಲೇ ಸರಿ ಮಾಡಿ. ಎಲ್ಲರ ಮುಂದೆ ತಪ್ಪು ಹೆಸರು ಹೇಳಿ, ಮೂಲೆಯಲ್ಲಿ ಕರೆದು ಸಾರಿ ಅಂದರೆ ಸಾಲದು. "ಮೊನ್ನೆ ನಾನು ತಪ್ಪು ಹೇಳಿದೆ. ಆ ಕೆಲಸ ಮಾಡಿದ್ದು ಇವರು." ಇಷ್ಟು ಸಾಕು. ತಪ್ಪಾಗಿ ಹೊಗಳಿಸಿಕೊಂಡವರಿಗೆ ಮುಂಚೆಯೇ ತಿಳಿಸಿ, ಅವರ ಮರ್ಯಾದೆಗೂ ಧಕ್ಕೆ ಬಾರದಿರಲಿ.

ಆರ್ಡರ್ ತಾಳೆ ನೋಡುತ್ತಿದ್ದವರು ರಜೆ ಮುಗಿಸಿ ಬಂದ ದಿನ ನಾನು ಮೊದಲು ಅವರ ಮೇಜಿನ ಹತ್ತಿರ ಹೋದೆ. ಎಷ್ಟು ದಿನದಿಂದ ಇದನ್ನು ಮಾಡುತ್ತಿದ್ದೀರಿ ಅಂತ ಕೇಳಿದೆ. ಎರಡು ವರ್ಷ ಆಯಿತು ಅಂದರು. ಅವರಿಲ್ಲದ ಹತ್ತು ದಿನ ಏನೇನಾಯಿತು ಅಂತ ಒಂದೊಂದಾಗಿ ಹೇಳಿದೆ. ಅದೇ ವಾರ ನನ್ನ ಮೇಲಿನವರಿಗೂ ಬರೆದೆ. ಇನ್ನು ಸರ್ಟಿಫಿಕೇಟ್ ಕೊಡೋಣ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: "ಸರ್ಟಿಫಿಕೇಟ್ ಇರಲಿ ಬಿಡಿ ಸಾರ್. ಸಂಜೆ ಅರ್ಧ ಗಂಟೆ ಇದಕ್ಕೇ ಅಂತ ಬಿಟ್ಟುಕೊಡಿ. ಮತ್ತೆ ಇನ್ನೊಬ್ಬರಿಗೆ ಕಲಿಸ್ತೀನಿ, ಅಕ್ಟೋಬರ್‌ನಲ್ಲಿ ನನಗೆ ಮತ್ತೆ ರಜೆ ಬೇಕು."

ಮರುದಿನದಿಂದ ಅವರ ಕೆಲಸದ ಪಟ್ಟಿಯಲ್ಲಿ ಐದರಿಂದ ಐದೂವರೆ ಅದಕ್ಕೇ ಅಂತ ಬರೆದಾಯಿತು. ಕಲಿಯಲು ಪಕ್ಕದಲ್ಲಿ ಕೂತವನು, ಸರದಿ ಕೇಳಿದ ಆ ಹುಡುಗ.